ಬಹುವಚನ

ಜನವರಿ ೯

ಅಪ್ಪಾ,

ಫೋನಿನಲ್ಲಿ ನಿಮಗೆ ಅರ್ಧ ಕೇಳಿಸುವುದಿಲ್ಲ, ಉಳಿದರ್ಧ ಕೇಳಿಸಿದರೂ ಕೇಳಿಸದವರ ಹಾಗೆ ಇರುತ್ತೀರಿ. ಅದಕ್ಕೇ ಈ ಕಾಗದ. ಕಣ್ಣಿನ ಆಪರೇಷನ್ ಆದಮೇಲೆ ಮೂರು ತಿಂಗಳು ಒಂದಕ್ಷರ ಓದಬಾರದು ಎಂದು ಡಾಕ್ಟರು ಹೇಳಿರುವುದರಿಂದ ಇದನ್ನು ಅಮ್ಮನೇ ಓದಿ ಹೇಳಬೇಕು. ಅಮ್ಮಾ, ದಯವಿಟ್ಟು ಇದ್ದದ್ದನ್ನು ಇದ್ದ ಹಾಗೆ ಓದು. ನಡುನಡುವೆ ನಿನ್ನದನ್ನು ಸೇರಿಸಬೇಡ.

ವಿಷಯ ಇಷ್ಟು. ನೀವು ಸಂಭಾಷಣೆ ಬರೆದ ಸೈಕಲ್ ಸಿನಿಮಾ ಮತ್ತೆ ತೆರೆಗೆ ಬರುತ್ತಿದೆ. ಹಳೆಯ ನೆಗೆಟಿವ್‌ನ ಧೂಳು ತೆಗೆದು, ಗೀರು ಅಳಿಸಿ, ಹೊಸದರಂತೆ ಮಾಡುತ್ತಿದ್ದಾರೆ. ಮೇ ತಿಂಗಳಲ್ಲಿ ದೊಡ್ಡ ಚಿತ್ರೋತ್ಸವವೊಂದರಲ್ಲಿ ತೋರಿಸುತ್ತಾರಂತೆ. ಇಂಗ್ಲಿಷ್ ಸಬ್‌ಟೈಟಲ್ ಬರೆಯುವ ಕೆಲಸ ಸುತ್ತಿ ಬಳಸಿ ನನ್ನ ಮೇಜಿಗೇ ಬಂತು. ಒಟ್ಟು ಸಾವಿರದ ಇನ್ನೂರ ಆರು ಸಾಲು. ಎಲ್ಲ ಮುಗಿದಿದೆ, ಒಂದು ಬಿಟ್ಟು. ಎಂಟುನೂರ ಹದಿನಾಲ್ಕನೆಯದು.

ಎಲ್ಲರಿಗೂ ಬಾಯಿಪಾಠ ಇರುವ ಮಾತು ಅದು. ನಾಯಕನ ಹೆಂಡತಿ ಮುನಿಸಿಕೊಂಡು ತವರಿಗೆ ಹೋಗಿದ್ದಾಳೆ. ಅವನ ಸ್ನೇಹಿತ ಮೇಷ್ಟ್ರು ವರ್ಗವಾಗಿ ಬೇರೆ ಊರಿಗೆ ಹೋಗಿದ್ದಾರೆ, ಅವರು ರಿಪೇರಿಗೆ ಬಿಟ್ಟ ಸೈಕಲ್ ಇವನ ಅಂಗಡಿಯಲ್ಲೇ ಉಳಿದಿದೆ. ನಾಯಕ ಕೂತು ಆ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದಾನೆ. ಅವನ ತಾಯಿ ಬಾಗಿಲಲ್ಲಿ ನಿಂತು, ಇನ್ನೂ ಎಷ್ಟು ದಿನ ಅಂತ ಕಾಯ್ತೀಯೋ ಎಂದು ಕೇಳುತ್ತಾಳೆ. ಅವನು ತಲೆ ಎತ್ತದೆ ಹೇಳುತ್ತಾನೆ:

“ಅವರು ಬಂದೇ ಬರ್ತಾರೆ. ಬರದಿದ್ರೂ ನಾನು ಗಾಳಿ ಇಳಿಯೋಕೆ ಬಿಡಲ್ಲ.”

ನಮ್ಮ ಭಾಷೆಯಲ್ಲಿ ‘ಅವರು’ ಅಂದರೆ ಮುಗಿಯಿತು. ಗಂಡೋ ಹೆಣ್ಣೋ ಹೇಳಬೇಕಾಗಿಲ್ಲ, ಗೌರವ ಇದ್ದರೆ ಸಾಕು. ಇಂಗ್ಲಿಷಿನಲ್ಲಿ ಆ ಸೌಕರ್ಯ ಇಲ್ಲ. ಗಂಡು ಅನ್ನು, ಇಲ್ಲವೇ ಹೆಣ್ಣು ಅನ್ನು ಎಂದು ಕುತ್ತಿಗೆಯ ಮೇಲೆ ಕೂರುತ್ತದೆ. ಬಹುವಚನವನ್ನೇ ಹಾಕಿದರೆ ನಾಲ್ಕು ಜನ ನೆಂಟರು ಒಟ್ಟಿಗೆ ಬರುತ್ತಾರೇನೋ ಎಂದು ನೋಡುವವರು ಬಾಗಿಲ ಕಡೆ ತಿರುಗುತ್ತಾರೆ. ಹೆಂಡತಿಯ ವಿಷಯ ತಾನೇ ಎಂದುಕೊಂಡು ಮೊದಲು ‘ಹೆಣ್ಣು’ ಎಂದೇ ಹಾಕಿದ್ದೆ. ಆಮೇಲೆ ಯಾಕೋ ಅನುಮಾನ ಬಂದು ಹಿಂದಿನ ಸಾಲುಗಳನ್ನೆಲ್ಲ ತಿರುವಿದೆ. ನಾಯಕ ಹೆಂಡತಿಯ ಬಗ್ಗೆ ಮೂವತ್ತೇಳು ಸಲ ಮಾತಾಡುತ್ತಾನೆ. ಮೂವತ್ತೇಳು ಸಲವೂ ‘ಅವಳು’. ಇದೊಂದೇ ಕಡೆ ‘ಅವರು’.

ಕೈತಪ್ಪಿ ಬರೆದಿರೋ? ಬರೆಯುವಾಗ ಯಾರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಿರಿ? ಒಂದೇ ಪದದ ಉತ್ತರ ಸಾಕು. ಮಾರ್ಚ್ ಇಪ್ಪತ್ತೆಂಟಕ್ಕೆ ನಾನು ಎಲ್ಲ ಒಪ್ಪಿಸಬೇಕು.

ನಿಮ್ಮ ಮಗಳು

*

ಜನವರಿ ೨೧

ಮಗಳೇ,

ಹೇಳುತ್ತಿರುವುದು ನಾನು, ಬರೆಯುತ್ತಿರುವುದು ನಿನ್ನ ಅಮ್ಮ. ಕಣ್ಣು ಪರವಾಗಿಲ್ಲ. ಕಿಟಕಿ ಯಾವ ಕಡೆ ಇದೆ ಎನ್ನುವಷ್ಟು ಗೊತ್ತಾಗುತ್ತದೆ. ದಿನವಿಡೀ ತಲೆ ಬಗ್ಗಿಸಿಕೊಂಡೇ ಇರಬೇಕೆಂದು ಡಾಕ್ಟರ ಅಪ್ಪಣೆ. ನಾನು ನನ್ನ ಕಾಲುಗಳನ್ನೇ ನೋಡುತ್ತಾ ಕೂತಿರುತ್ತೇನೆ, ಅವೂ ಕಾಣುವುದಿಲ್ಲ.

ನಿನ್ನ ಪ್ರಶ್ನೆ. ಅಷ್ಟು ವರ್ಷದ ಹಿಂದಿನ ಮಾತು ಯಾರಿಗೆ ನೆನಪಿರುತ್ತದೆ? ನಾನು ಬೆಳಿಗ್ಗೆ ಬರೆದದ್ದನ್ನು ಮಧ್ಯಾಹ್ನ ಚಿತ್ರೀಕರಿಸುತ್ತಿದ್ದ ಕಾಲ ಅದು. ನಾಯಕನ ಪಾತ್ರ ಮಾಡಿದವನೂ ಇದನ್ನೇ ಕೇಳಿದ್ದ, ಸಾರ್ ಇಲ್ಲಿ ಯಾರನ್ನು ನೆನೆಸಿಕೊಳ್ಳಲಿ ಎಂದು. ಯಾರು ಬರಬೇಕೋ ಅವರನ್ನು ಎಂದು ಹೇಳಿ ಕಳಿಸಿದ್ದೆ. ನಿನಗೂ ಅದನ್ನೇ ಹೇಳುತ್ತೇನೆ. ನಿನಗೆ ತೋಚಿದ್ದು ಹಾಕು.

ಬಣ್ಣ ಬೆಳಕು ಸರಿಮಾಡಲು ಯಾರನ್ನು ಕರೆಸಿದ್ದಾರೆ ಎಂದು ನೀನು ಬರೆಯಲಿಲ್ಲ.

ಅಪ್ಪ

ಗುಬ್ಬೀ, ಇನ್ನು ಕೆಳಗಿರುವುದು ನನ್ನದು. ನಿಮ್ಮಪ್ಪ ಒಳಗೆ ಹೋಗಿ ಮಲಗಿದ್ದಾರೆ. ತೋಚಿದ್ದು ಹಾಕು ಅಂತಾರೆ ನೋಡು, ಇದರಲ್ಲಿ ತೋಚುವುದೇನಿದೆ? ಹೆಣ್ಣು ಅಂತ ಹಾಕು. ಆಗ ನೀನು ಎಂಟು ತಿಂಗಳ ಕೂಸು. ನನ್ನ ಕಡೆ ತಿರುಗಿಯೂ ನೋಡದ ಗಂಡನ ಜೊತೆ ಯಾಕಿರಬೇಕು ಎಂದು ನಿನ್ನನ್ನು ಎತ್ತಿಕೊಂಡು ನನ್ನ ತಂಗಿಯ ಮನೆಗೆ ಹೋಗಿಬಿಟ್ಟಿದ್ದೆ. ಸಿನಿಮಾ ಬಂತು. ತಂಗಿ ಬಲವಂತ ಮಾಡಿ ಕರೆದುಕೊಂಡು ಹೋದಳು. ಆ ಮಾತು ಬಂದಾಗ ನಾನು ಎಷ್ಟು ಅತ್ತೆ ಅಂದರೆ, ಪಕ್ಕದ ಸೀಟಿನ ಯಾರೋ ಹೆಂಗಸು ತನ್ನ ಕರವಸ್ತ್ರ ಕೊಟ್ಟಳು. ಮಾರನೆಯ ದಿನ ಬೆಳಿಗ್ಗೆಯೇ ಬಸ್ಸು ಹತ್ತಿ ವಾಪಸ್ ಬಂದೆ. ಹೆಂಡತಿಯನ್ನು ಬಹುವಚನದಲ್ಲಿ ನೆನೆದ ಮೊದಲ ನಾಯಕ ಎಂದು ವಾರಪತ್ರಿಕೆಯವರು ಬರೆದರು, ಸಂಭಾಷಣೆಕಾರರ ಪುಣ್ಯವಂತ ಹೆಂಡತಿ ಎಂದು ನನ್ನ ಫೋಟೋ ಹಾಕಿದರು. ಇದೆಲ್ಲ ನೀನು ಕೇಳಿ ಕೇಳಿ ಬೆಳೆದದ್ದೇ ಅಲ್ಲವಾ, ಮತ್ತೇನು ಅನುಮಾನ.

ಅಮ್ಮ

*

ಫೆಬ್ರವರಿ ೧೧

ಅಪ್ಪಾ,

ಅಮ್ಮ ಬರೆದದ್ದು ಓದಿದೆ. ಹಾಗಾದರೆ ಹೆಣ್ಣೇ ಇರಬೇಕು.

ಬಣ್ಣ ಬೆಳಕಿಗೆ ಯಾರು ಎಂದು ಕೇಳಿದ್ದಿರಿ. ಅಂದು ಚಿತ್ರೀಕರಿಸಿದ ಕ್ಯಾಮರಾಮನ್ನರನ್ನೇ ಕರೆಸಿದ್ದಾರೆ. ಎಪ್ಪತ್ತೆಂಟು ವರ್ಷ ಅಂತೆ, ನೋಡಿದರೆ ಹಾಗೆ ಅನ್ನಿಸುವುದಿಲ್ಲ. ಬಿಸಿಲು ತಗ್ಗಲು ಮೋಡ ಬರುವ ತನಕ ಇಡೀ ಸೆಟ್ಟನ್ನು ಕಾಯಿಸುತ್ತಿದ್ದರು ಎಂದು ಈಗಲೂ ಎಲ್ಲರೂ ಅವರನ್ನು ಮೋಡ ಸಾರ್ ಅನ್ನುತ್ತಾರೆ. ದಿಂಬೊಂದನ್ನು ಮನೆಯಿಂದಲೇ ತಂದು, ಕುರ್ಚಿಗೆ ಒತ್ತಿಟ್ಟು, ಕತ್ತಲು ಕೋಣೆಯಲ್ಲಿ ದಿನಕ್ಕೆ ಆರು ಗಂಟೆ ಕೂರುತ್ತಾರೆ.

ಮೊನ್ನೆ ಆ ದೃಶ್ಯ ಬಂತು. ನಾನೂ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಅವರು ನಿಲ್ಲಿಸಲು ಹೇಳಿದರು. ನಾಯಕನ ಮುಖ ಸ್ವಲ್ಪ ಮಂಕಾಗಲಿ, ಚಕ್ರ ಕಾಣಬೇಕು ಎಂದರು. ಕಂಪ್ಯೂಟರ್ ಮುಂದಿದ್ದ ಹುಡುಗಿ, ಜನ ಮುಖ ನೋಡ್ತಾರೆ ಸಾರ್ ಎಂದಳು. ನೋಡಲಿ, ನಾನು ಬೆಳಕಿಟ್ಟಿದ್ದು ಚಕ್ರಕ್ಕೆ ಎಂದರು. ಹಾಗೆಯೇ ಮಾಡಿದರು. ಅಪ್ಪಾ, ಅದು ಮೇಷ್ಟ್ರ ಸೈಕಲ್ಲು. ಈ ಸಿನಿಮಾವನ್ನು ಇಪ್ಪತ್ತು ಸಲವಾದರೂ ನೋಡಿದ್ದೇನೆ. ನಾಯಕ ಆ ಸೈಕಲ್ಲಿಗೇ ಯಾಕೆ ಗಾಳಿ ಹೊಡೆಯುತ್ತಿದ್ದಾನೆ ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ.

ಅವರನ್ನೇ ಕೇಳಿದೆ, ‘ಅವರು’ ಅಂದರೆ ಯಾರು ಸಾರ್ ಎಂದು. ಬರೆದವರನ್ನ ಕೇಳಮ್ಮ ಎಂದು ಎದ್ದರು. ಲಿಫ್ಟಿನ ಹತ್ತಿರ ಹೋದಮೇಲೆ ನಿಂತರು.

“ಅವರಿಗೆ ಈಗ ಎಷ್ಟು ಕಾಣುತ್ತೆ?” ಎಂದು ಕೇಳಿದರು.

ಕಿಟಕಿ ಗೊತ್ತಾಗುವಷ್ಟು ಎಂದೆ. ತಲೆಯಾಡಿಸಿ ಒಳಗೆ ಹೋದರು. ಕೆಳಗಿಳಿಯಬೇಕಾದವರು ಲಿಫ್ಟಿನಲ್ಲಿ ಮೇಲೆ ಹೋದರು.

ಇನ್ನೊಂದು. ಹಳೆಯ ಜನಪ್ರಿಯ ಸಿನಿಮಾಗಳಲ್ಲಿ ಬಾಯಿಬಿಟ್ಟು ಹೇಳಲಾಗದ ಆಸೆಗಳನ್ನು ಎಲ್ಲೆಲ್ಲಿ ಬಚ್ಚಿಟ್ಟಿದ್ದಾರೆ ಎಂದು ಹುಡುಕುವವರು ಈಗ ತುಂಬ ಜನ. ಉತ್ಸವಕ್ಕೆ ಚಿತ್ರ ಆರಿಸುವ ಹೆಂಗಸೂ ಅಂಥವರೇ. ಅವರ ಕಣ್ಣು ಆ ಸಾಲಿನ ಮೇಲೇ ಇದೆ, ನಾನು ಏನು ಹಾಕುತ್ತೇನೆ ಎಂದು ಎರಡು ಸಲ ಕೇಳಿದರು. ನೀವು ಹೇಳಿದ ಹಾಗೆ ಮಾಡುತ್ತೇನೆ.

ನಿಮ್ಮ ಮಗಳು

*

ಫೆಬ್ರವರಿ ೨೪

ಮಗಳೇ,

ಹೆಣ್ಣು ಎಂದು ಹಾಕು. ಮತ್ತೆ ಈ ವಿಷಯ ಬರೆಯಬೇಡ.

ಅಪ್ಪ

ಗುಬ್ಬೀ, ಇಷ್ಟೇ ಹೇಳಿ ಎದ್ದು ಹೋದರು. ಹೋಗುವಾಗ ಬಾಗಿಲಿಗೆ ಹಣೆ ಬಡಿಸಿಕೊಂಡರು. ಎರಡು ದಿನದಿಂದ ಊಟ ಸೇರುತ್ತಿಲ್ಲ. ನಾನೂ ಏನೂ ಕೇಳಿಲ್ಲ.

ಅಮ್ಮ

*

ಮಾರ್ಚ್ ೩

ಮಗಳೇ,

ನಿನ್ನ ಅಮ್ಮ ತರಕಾರಿಗೆ ಹೋಗಿದ್ದಾಳೆ. ಇದನ್ನು ನಾನೇ ಬರೆಯುತ್ತಿದ್ದೇನೆ. ಸಾಲಿನ ಮೇಲೆ ಸಾಲು ಹತ್ತಿದ್ದರೆ ಹೇಗಾದರೂ ಬಿಡಿಸಿ ಓದಿಕೋ. ಎಡಗೈ ಬೆರಳನ್ನು ಸಾಲಿನ ಗುರುತಿಗೆ ಇಟ್ಟುಕೊಂಡಿದ್ದೇನೆ, ಪೆನ್ನು ಬೆರಳ ಮೇಲೂ ಬರೆಯುತ್ತಿದೆ. ಕೆಳಗಿನ ಟೈಲರ್ ಹತ್ತಿರ ಅಂಚೆಗೆ ಹಾಕಲು ಕೊಡುತ್ತೇನೆ.

ನೀನು ಒಂದೇ ಪದ ಕೇಳಿದೆ. ಗಂಡು.

ಅದು ಕೈತಪ್ಪಲ್ಲ. ಮೂವತ್ತೇಳು ಕಡೆ ‘ಅವಳು’ ಎಂದು ಬರೆದ ಕೈ ಮೂವತ್ತೆಂಟನೆಯ ಕಡೆ ಸುಮ್ಮನೆ ತಪ್ಪುವುದಿಲ್ಲ. ನಾಯಕ ಕಾಯುತ್ತಿದ್ದದ್ದು ಮೇಷ್ಟ್ರನ್ನು. ನಾನು ಬರೆದದ್ದು ಈಗ ನಿನ್ನ ಮುಂದಿನ ಸಾಲಿನಲ್ಲಿ ದಿಂಬಿಟ್ಟುಕೊಂಡು ಕೂತಿರುವವರನ್ನು ನೆನೆದು. ನಾನು ಅವರನ್ನು ಪ್ರೀತಿಸಿದೆ. ಇದನ್ನು ನಾನು ಯಾವ ಕಾಗದದ ಮೇಲೂ ಬರೆದವನಲ್ಲ. ಈಗ ಬರೆದಿರುವುದೂ ನನಗೆ ಕಾಣುತ್ತಿಲ್ಲ, ಅದೇ ಧೈರ್ಯ.

ಆಗ ಸೆನ್ಸಾರಿನವರು ಕೂತು ನಾಯಕಿಯ ಭುಜ ಎಷ್ಟು ಕಾಣುತ್ತದೆ, ಹಾಡಿನಲ್ಲಿ ಅವಳು ನಾಯಕನಿಗೆ ಎಷ್ಟು ಹತ್ತಿರ ಬರುತ್ತಾಳೆ ಎಂದು ಅಳೆಯುತ್ತಿದ್ದರು. ವ್ಯಾಕರಣವನ್ನು ಯಾರೂ ಅಳೆಯಲಿಲ್ಲ. ಎಲ್ಲರ ಮುಂದೆ, ತುಂಬಿದ ಥಿಯೇಟರಿನಲ್ಲಿ, ಒಬ್ಬ ಗಂಡಸು ಇನ್ನೊಬ್ಬನಿಗಾಗಿ ಕಾಯುತ್ತೇನೆ ಎಂದು ಹೇಳಿದ. ಜನ ಸಿಳ್ಳೆ ಹೊಡೆದರು. ಲಾರಿಗಳ ಹಿಂದೆ ಬರೆಸಿಕೊಂಡರು. ನಾನು ಗೆದ್ದೆ ಅಂದುಕೊಂಡೆ, ಅದರ ಜೊತೆಗೇ ಯಾರಾದರೂ ಕಂಡುಹಿಡಿದರೆ ಎಂದು ತಿಂಗಳುಗಟ್ಟಲೆ ಎದೆ ಹೊಡೆದುಕೊಳ್ಳುತ್ತಿತ್ತು. ಯಾರೂ ಕಂಡುಹಿಡಿಯಲಿಲ್ಲ. ಆಮೇಲಾಮೇಲೆ ಅದೂ ಒಂದು ಬೇಸರವಾಯಿತು.

ಅವರೂ ನಾನೂ ಒಬ್ಬರನ್ನೊಬ್ಬರು ಎಂದೂ ಏಕವಚನದಲ್ಲಿ ಕರೆದವರಲ್ಲ. ಏಕವಚನಕ್ಕೆ ಇಳಿದಿದ್ದರೆ ಸಿಕ್ಕಿಬೀಳುತ್ತಿದ್ದೆವು. ನಮ್ಮ ನಡುವೆ ಏನು ನಡೆಯಿತು, ಏನು ನಡೆಯಲಿಲ್ಲ ಎನ್ನುವುದು ಮಗಳಿಗೆ ಬರೆಯುವ ವಿಷಯವಲ್ಲ. ಆ ಚಿತ್ರ ಮುಗಿದಮೇಲೆ ಅವರು ಬೇರೆ ಊರಿನಲ್ಲಿ ಕೆಲಸ ಹಿಡಿದರು, ಮದುವೆಯಾದರು. ಮತ್ತೆ ನಾವು ಭೇಟಿಯಾಗಲಿಲ್ಲ.

ಆದರೂ ನೀನು ಹೆಣ್ಣು ಎಂದೇ ಹಾಕು. ನಿನ್ನ ಅಮ್ಮ ಆ ಒಂದು ಮಾತನ್ನು ನಂಬಿ ನಿನ್ನನ್ನು ಎತ್ತಿಕೊಂಡು ವಾಪಸ್ ಬಂದವಳು. ಅವಳು ಬಾಗಿಲಲ್ಲಿ ನಿಂತು, ಸಿನಿಮಾ ನೋಡಿದೆ ಎಂದಳು. ಅದು ನಿನಗಲ್ಲ ಎಂದು ಆವತ್ತೇ ಹೇಳಬೇಕಿತ್ತು. ಅವಳ ಕೈಯಿಂದ ನಿನ್ನನ್ನು ಇಸಿದುಕೊಂಡೆ, ಅಷ್ಟೇ. ಆಮೇಲೆ ಒಳ್ಳೆಯ ಗಂಡನಾಗಿರಲು ನನ್ನ ಕೈಲಾದದ್ದೆಲ್ಲ ಮಾಡಿದೆ. ಆದರೆ ಬುಡ ಸುಳ್ಳು. ಎಪ್ಪತ್ತು ವರ್ಷದ ಹೆಂಗಸಿನ ಕಾಲ ಕೆಳಗಿನಿಂದ ಅದನ್ನು ಈಗ ಎಳೆಯಬೇಡ. ನಿನಗೆ ಕೈಮುಗಿದು ಕೇಳುತ್ತೇನೆ.

ಮೆಟ್ಟಿಲ ಮೇಲೆ ಸದ್ದು. ಅವಳೇ ಇರಬೇಕು.

ಅಪ್ಪ

*

ಮಾರ್ಚ್ ೧೨

ಅಪ್ಪ, ಅಮ್ಮ, ಇಬ್ಬರಿಗೂ,

ಸಬ್‌ಟೈಟಲ್ ಕೆಲಸ ಮುಗಿಯುತ್ತಾ ಬಂತು. ಎಂಟುನೂರ ಹದಿನಾಲ್ಕನೆಯ ಸಾಲಿಗೆ ಹೆಣ್ಣು ಎಂದೇ ಹಾಕಿದ್ದೇನೆ. ಅಪ್ಪ ಹೇಳಿದ ಮೇಲೆ ಇನ್ನು ಚರ್ಚೆ ಬೇಡ.

ಮೋಡ ಸಾರ್ ಕೆಲಸ ಮುಗಿಸಿ ಊರಿಗೆ ಹೊರಟರು. ಹೋಗುವ ಮುಂಚೆ ನನ್ನ ಕಂಪ್ಯೂಟರಿನಲ್ಲಿ ಆ ಸಾಲನ್ನು ನೋಡಿದರು. ನಾನು ಹಾಕಿದ್ದನ್ನು ಓದಿ, ಸರಿಯಾಗಿದೆ ಎಂದರು. ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು, ಇನ್ನೊಂದು ಸಲ ಸರಿಯಾಗಿದೆ ಎಂದರು. ನನಗೆ ಆವತ್ತು ಪೂರ್ತಿ ಕೆಲಸ ಮಾಡಲು ಆಗಲಿಲ್ಲ.

ಅಪ್ಪಾ, ಹಣೆಗೆ ಪೆಟ್ಟು ಬಿದ್ದದ್ದು ಈಗ ಹೇಗಿದೆ? ಅಮ್ಮಾ, ನೀನು ಚೆನ್ನಾಗಿದ್ದೀಯ ತಾನೇ? ಏನಾದರೂ ಇದ್ದರೆ ನನಗೆ ಬರಿ. ಏನೂ ಇಲ್ಲದಿದ್ದರೂ ಬರಿ.

ನಿಮ್ಮ ಮಗಳು

*

ಮಾರ್ಚ್ ೨೨

ಗುಬ್ಬೀ,

ಈ ಕಾಗದವನ್ನು ಯಾರೂ ಹೇಳಿ ಬರೆಸುತ್ತಿಲ್ಲ. ಪೂರ್ತಿ ನನ್ನದೇ. ಅದಕ್ಕೇ ಅಕ್ಷರ ದೊಡ್ಡದಾಗಿದೆ, ಜಾಗ ಉಳಿಸುವ ಉಸಾಬರಿ ಇಲ್ಲ.

ನಿಮ್ಮಪ್ಪ ಮೊದಲಿನಿಂದಲೂ ಪೆನ್ನನ್ನು ಒತ್ತಿ ಬರೆಯುವವರು. ಕಣ್ಣು ಕಾಣದಿದ್ದ ಮೇಲೆ ಕೇಳಬೇಕೆ, ಕಾಗದ ಹರಿಯುವ ಹಾಗೆ ಒತ್ತಿದ್ದಾರೆ. ನಾನು ತರಕಾರಿಗೆ ಹೋಗಿ ಬಂದ ಮಾರನೆಯ ದಿನ ವಿದ್ಯುತ್ ಕಚೇರಿಗೆ ಅರ್ಜಿ ಬರೆಯಲು ಅದೇ ಪ್ಯಾಡ್ ತೆಗೆದುಕೊಂಡು ಕಿಟಕಿಯ ಹತ್ತಿರ ಕೂತೆ. ಹಾಳೆಯ ತುಂಬ ಅವರ ಅಕ್ಷರದ ಅಚ್ಚು ಮೂಡಿತ್ತು. ಓರೆ ಹಿಡಿದರೆ ಓದಬಹುದಿತ್ತು. ಓದಿದೆ. ನಾಲ್ಕು ಹಾಳೆಯ ಕೆಳಗೂ ‘ಗಂಡು’ ಅನ್ನುವ ಪದ ಕಾಣುತ್ತಿತ್ತು, ಅದನ್ನು ಅಷ್ಟು ಒತ್ತಿ ಬರೆದಿದ್ದಾರೆ. ಅರ್ಜಿಯನ್ನು ಬೇರೆ ಪುಸ್ತಕದಲ್ಲಿ ಬರೆದುಕೊಂಡೆ.

ಗಾಬರಿಯಾಗಬೇಡ. ನನಗೆ ಹೊಸದೇನೂ ಅಲ್ಲ.

ಆ ಮಾತಿಗೆ ನಾನು ಅತ್ತದ್ದು ನಿಜ. ಯಾಕೆ ಅತ್ತೆ ಅಂತ ಪಕ್ಕದ ಸೀಟಿನವಳೂ ಕೇಳಲಿಲ್ಲ, ವಾರಪತ್ರಿಕೆಯವರೂ ಕೇಳಲಿಲ್ಲ. ಮದುವೆಯಾದಾಗಿನಿಂದ ನನ್ನನ್ನು ‘ಏ’ ಅಂತ ಕೂಗಿದ ಮನುಷ್ಯ ಸಿನಿಮಾದಲ್ಲಿ ದಿಢೀರನೆ ಬಹುವಚನ ಹಾಕಿದರೆ ನಂಬಲು ನಾನೇನು ಅಷ್ಟು ಪೆದ್ದಿಯಾ? ಅದಕ್ಕೂ ಮುಂಚೆ, ಮೇಷ್ಟ್ರು ಸೈಕಲ್ ನಿಲ್ಲಿಸಿದ ಕೂಡಲೇ ನಾಯಕ ಕೈಯ ಗ್ರೀಸನ್ನು ಅವಸರದಲ್ಲಿ ಒರೆಸಿಕೊಂಡು ಎದ್ದು ನಿಲ್ಲುತ್ತಾನಲ್ಲ, ಅಲ್ಲೇ ನನಗೆ ತಿಳಿಯಿತು. ಕ್ಯಾಮರಾದವರು ನಮ್ಮ ಮನೆಗೆ ಬಂದಾಗ ನಿಮ್ಮಪ್ಪ ಬೆರಳಿನ ಮಸಿಯನ್ನು ಹಾಗೇ ಒರೆಸಿಕೊಂಡು ಏಳುತ್ತಿದ್ದರು. ಬೇರೆ ಯಾರು ಬಂದರೂ ಎದ್ದವರಲ್ಲ. ಥಿಯೇಟರಿನಲ್ಲಿ ಕೂತು, ಓ ಇದಾ ವಿಷಯ ಅಂದುಕೊಂಡೆ. ನನ್ನಲ್ಲಿ ಏನೋ ಕುಂದಿದೆ ಅಂತ ಎರಡು ವರ್ಷ ಕನ್ನಡಿ ನೋಡಿಕೊಂಡು ಕೊರಗಿದವಳಿಗೆ ಅದು ಸಣ್ಣ ವಿಷಯವಲ್ಲ.

ಪತ್ರಿಕೆಯವರು ಪುಣ್ಯವಂತೆ ಅಂದರು, ನಾನೂ ಹಲ್ಲುಕಿರಿದೆ. ಒಂದು ಸಲ ಹಲ್ಲುಕಿರಿದ ಮೇಲೆ ನಿಲ್ಲಿಸುವುದು ಕಷ್ಟ. ನಿನಗೂ ಜನವರಿಯಲ್ಲಿ ಅದನ್ನೇ ಬರೆದೆ, ಅಭ್ಯಾಸಬಲ. ನಿಮ್ಮಪ್ಪನ ಮುಂದೆ ನಿನ್ನ ಕಾಗದ ಓದುವಾಗ ಸೈಕಲ್ಲಿನ ಜಾಗ ಬಂತು, ಲಿಫ್ಟಿನ ಜಾಗ ಬಂತು. ಒಂದಕ್ಷರ ಬಿಡದೆ ಓದಿದೆ. ನಾನೇ ಮೊದಲು ಮಾತಾಡಬೇಕಿತ್ತು. ನನಗೂ ಭಯವೇ. ಇವರು ಹೌದು ಅಂದುಬಿಟ್ಟರೆ ಮಾರನೆಯ ದಿನ ಯಾವ ಮುಖ ಹೊತ್ತು ಚಹಾ ಕೊಡುವುದು ಅಂತ.

ಆದರೆ ಮೊನ್ನೆ ನಿನ್ನ ಕಾಗದ ಬಂತು. ಹೆಣ್ಣು ಎಂದೇ ಹಾಕಿದ್ದೇನೆ ಅಂತ ಬರೆದಿದ್ದೆ. ಅದನ್ನು ಓದಿ ಮಡಿಸಿಟ್ಟೆ. ಆಮೇಲೆ ಅವರಿಗೆ ಹೇಳಿದೆ, ಆ ಮಾತು ನನಗಲ್ಲ ಅಂತ ನನಗೆ ಗೊತ್ತು ಅಂತ.

ತುಂಬ ಹೊತ್ತು ತಲೆ ಬಗ್ಗಿಸಿಕೊಂಡೇ ಇದ್ದರು. ಹೇಗೂ ಬಗ್ಗಿಸಿಕೊಂಡೇ ಇರುವವರು, ಹಾಗಾಗಿ ಏನೂ ಗೊತ್ತಾಗಲಿಲ್ಲ. ಕೊನೆಗೆ, ಯಾವಾಗ ಗೊತ್ತಾಯ್ತು ಅಂದರು. ಇಂಟರ್ವಲ್‌ಗೆ ಮುಂಚೆ ಅಂದೆ.

“ಮತ್ತೆ ಯಾಕೆ ವಾಪಸ್ ಬಂದೆ?”

“ನಂಗೆ ನೀವು ಬೇಕಾಗಿತ್ತು. ನಿಮಗೆ ಯಾರು ಬೇಕಾಗಿತ್ತು ಅನ್ನೋದು ನಿಮ್ಮ ಕಷ್ಟ.”

ಅತ್ತರು. ಕಣ್ಣಿನ ಮೇಲಿನ ಹತ್ತಿ ನೆನೆಯಿತು, ಹೊಲಿಗೆ ಬಿಚ್ಚಿಕೊಂಡರೆ ಏನು ಗತಿ ಎಂದು ಬೈದೆ. ನನ್ನ ಕೈಯನ್ನು ಹಿಡಿದುಕೊಂಡರು. ಬಿಡಿಸಿಕೊಳ್ಳಲಿಲ್ಲ. ನನಗೂ ಸಿಟ್ಟಿದೆ ಗುಬ್ಬಿ, ಇಲ್ಲ ಅನ್ನುವುದಿಲ್ಲ, ಅದು ಇಷ್ಟು ಬೇಗ ಹೋಗುವುದೂ ಇಲ್ಲ. ಆದರೆ ಎಷ್ಟೋ ವರ್ಷದ ಮೇಲೆ ಮನೆಯಲ್ಲಿ ಇಬ್ಬರೇ ಇದ್ದೇವೆ ಅನ್ನಿಸಿತು.

ಇಪ್ಪತ್ತೆಂಟಕ್ಕೆ ಮುಂಚೆ ಇದು ನಿನಗೆ ತಲುಪಬೇಕು ಅಂತ ನಾನೇ ಅಂಚೆ ಕಚೇರಿಗೆ ಹೋಗುತ್ತಿದ್ದೇನೆ. ನಿಮ್ಮಪ್ಪ, ಮೊದಲು ಅವರನ್ನು ಕೇಳಲಿ, ಅವರು ಬೇಡ ಅಂದರೆ ಬೇಡ ಅಂದಿದ್ದಾರೆ. ಸರಿ, ಕ್ಯಾಮರಾದವರಿಗೆ ಫೋನು ಮಾಡಿ ಕೇಳು. ನನ್ನನ್ನೂ ಕೇಳಬೇಕು ಅಂತ ನಿಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ, ಇರಲಿ. ಕೇಳದೆ ಹೇಳುತ್ತಿದ್ದೇನೆ. ಅಲ್ಲಿ ಗಂಡು ಅಂತ ಹಾಕು. ನಾನೇನೋ ದೊಡ್ಡ ಮನಸ್ಸು ಮಾಡುತ್ತಿದ್ದೇನೆ ಅಂದುಕೊಳ್ಳಬೇಡ. ನಲವತ್ತಮೂರು ವರ್ಷ ಕಂಡಕಂಡವರೆಲ್ಲ ಎಂಥ ಪುಣ್ಯವಂತೆ ಅಂದಿದ್ದಾರೆ. ಒಬ್ಬರಾದರೂ ಒಂದು ಸಲ ಅಯ್ಯೋ ಪಾಪ ಅನ್ನಲಿ.

ನಿನ್ನ
ಅಮ್ಮ